ಜುಲೈ ತಿಂಗಳ ಬೆಳಕಿಗೆ ಬಣ್ಣ ಆರಿಸಿದ್ದು

ನಮ್ಮ ಮನೆ ಇರುವುದು ತೀರ್ಥಹಳ್ಳಿ ಹತ್ತಿರ, ಅಡಿಕೆ ತೋಟದ ಅಂಚಿನಲ್ಲಿ. ಹೆಂಚಿನ ಮಾಡು, ರೆಡ್ ಆಕ್ಸೈಡ್ ನೆಲ, ಹಲಸಿನ ಮರದ ಕಂಬ, ಸಣ್ಣ ಸಣ್ಣ ಕಿಟಕಿ. ಆರು ವರ್ಷದ ಹಿಂದೆ, ಈ ಸಲ ಬಣ್ಣ ನಾನೇ ಆರಿಸ್ತೀನಿ ಅಂತ ಹಟ ಹಿಡಿದೆ. ಫೋನಿನಲ್ಲಿ ನೋಡಿದ್ದ ಯಾವುದೋ ಫ್ಲ್ಯಾಟಿನ ತಿಳಿ ಬೂದು ಗೋಡೆ ಮನಸ್ಸಿಗೆ ಹಿಡಿಸಿತ್ತು. ಏಪ್ರಿಲ್‌ನಲ್ಲಿ ಬಳಿಸಿದಾಗ ಚೆಂದವೇ ಕಂಡಿತು. ಜೂನ್‌ನಲ್ಲಿ ಮಳೆ ಹಿಡಿಯಿತು ನೋಡಿ, ನಡುಮನೆಯೊಳಗೇ ಮೋಡ ಕವಿದ ಹಾಗಾಯಿತು. ಮಧ್ಯಾಹ್ನ ಎರಡು ಗಂಟೆಗೇ ಲೈಟು ಬೇಕು. ಹಾಕೋಣ ಅಂದ್ರೆ ಕರೆಂಟ್ ಇರುವುದಿಲ್ಲ. “ಇದೇನು ಮಾರಾಯ್ತಿ, ಗೋಡೆಗೆ ಒಲೆ ಬೂದಿ ಬಳಿಸಿದ್ಯಾ?” ಅಂತ ಅತ್ತೆ ಕೇಳಿದರು. ಒಂದೇ ಸಲ ಕೇಳಿದ್ದು. ಆದರೆ ಆ ಬೂದಿಯಲ್ಲೇ ನಾಲ್ಕು ವರ್ಷ ಕಳೆದೆವು.

ಮತ್ತೆ ಬಳಿಸುವ ಮಾತು ಬಂದಾಗ ಒಂದು ತೀರ್ಮಾನ ಮಾಡಿದೆ. ಬಳಿಸುವುದು ಬೇಸಿಗೆಯಲ್ಲೇ ಆಗಲಿ, ಬಣ್ಣ ಆರಿಸುವುದು ಮಾತ್ರ ಮಳೆಗಾಲದಲ್ಲಿ. ವರ್ಷದಲ್ಲಿ ನಾಲ್ಕು ತಿಂಗಳು ನಮಗೆ ಸಿಗುವುದು ಆ ಮಬ್ಬು ಬೆಳಕೇ ಅಲ್ವಾ?

ಜುಲೈನಲ್ಲಿ ಶಿವಮೊಗ್ಗಕ್ಕೆ ಹೋದವಳು ಶೇಡ್ ಕಾರ್ಡ್ ನೋಡಿ, ಮೂರು ಬಣ್ಣದ 200 ಎಂಎಲ್ ಡಬ್ಬಿ ತಂದೆ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಕಾಣುವ ಬಣ್ಣವೇ ಬೇರೆ, ಮನೆಯಲ್ಲಿ ಕಾಣುವುದೇ ಬೇರೆ. ಅದೂ ಅಲ್ಲದೆ, ಎರಡು ಬೆರಳಗಲದ ಚೀಟಿಯಲ್ಲಿ ತಿಳಿಯಾಗಿ ಕಂಡದ್ದು ಇಡೀ ಗೋಡೆಗೆ ಬಂದಾಗ ಗಾಢವಾಗಿ ಕಾಣುತ್ತದೆ. ಹಾಗಾಗಿ ದೊಡ್ಡ ಡ್ರಾಯಿಂಗ್ ಹಾಳೆಗೆ ಎರಡು ಕೋಟು ಬಳಿದೆ. ಸುತ್ತ ಎರಡು ಬೆರಳು ಬಿಳಿ ಅಂಚು ಬಿಟ್ಟೆ. ಇಲ್ಲದಿದ್ದರೆ ಪಕ್ಕದ ಹಳೇ ಬೂದು ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಹಾಳೆಗಳನ್ನು ಕಿಟಕಿ ಪಕ್ಕ, ಬಾಗಿಲ ಹಿಂದಿನ ಕತ್ತಲೆ ಮೂಲೆ, ನೆಲದ ಹತ್ತಿರ, ಹೀಗೆ ದಿನಕ್ಕೊಂದು ಕಡೆ ಅಂಟಿಸಿದೆ. ಬೆಳಿಗ್ಗೆ, ಮಧ್ಯಾಹ್ನ, ದೀಪ ಹಚ್ಚುವ ಹೊತ್ತು, ಎಲ್ಲ ಹೊತ್ತಲ್ಲೂ ನೋಡಿದೆ. ಮನೆಯವರು ನಕ್ಕರು. ನಗಲಿ ಬಿಡಿ.

ಆಗ ಗೊತ್ತಾಯಿತು ತಮಾಷೆ. ಅಚ್ಚ ಬಿಳಿ ಅಂತ ತಂದಿದ್ದು ಕಿಟಕಿ ಪಕ್ಕದಲ್ಲಿ ಒಂದೆಲಗದ ತಂಬುಳಿಯ ಹಾಗೆ ಕಂಡಿತು. ಹೊರಗಿನ ಬೆಳಕು ತೋಟದ ಹಸಿರಿಗೆ ಬಡಿದೇ ಒಳಗೆ ಬರುವುದು, ಬಿಳಿ ಅದನ್ನು ಹಾಗೇ ವಾಪಸ್ ತೋರಿಸುತ್ತದೆ. ಕೆನೆ ಬಣ್ಣದ ಹಾಳೆ ಗೋಡೆಯ ಮೇಲ್ಭಾಗದಲ್ಲಿ ಚೆನ್ನಾಗಿತ್ತು, ನೆಲದ ಹತ್ತಿರ ಇಳಿಸಿದ ಕೂಡಲೇ ಗುಲಾಬಿ ತಿರುಗಿತು. ಅದು ಕೆಂಪು ನೆಲದ ಕೆಲಸ. ಮೂರನೆಯದು ಗಟ್ಟಿಯಾದ ತುಪ್ಪದ ಬಣ್ಣ, ಸ್ವಲ್ಪವೇ ಹಳದಿ. ಅದೊಂದೇ ಮೂರೂ ಕಡೆ ಹೆಚ್ಚು ಕಮ್ಮಿ ತನ್ನ ಬಣ್ಣದಲ್ಲೇ ಉಳಿಯಿತು, ಮಳೆ ಹೊಯ್ಯುವಾಗಲೂ ಮಂಕಾಗಲಿಲ್ಲ. ರಾತ್ರಿ ಮಾತ್ರ ಪೇಲವ. ಗೋಡೆಯದ್ದೇ ತಪ್ಪು ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ನಮ್ಮ ಎಲ್‌ಇಡಿ ಬಲ್ಬಿನ ಮೇಲೆ 6500 ಕೆಲ್ವಿನ್ ಅಂತಿತ್ತು, ನೀಲಿ ಛಾಯೆಯ ಬೆಳಕು. 3000 ಕೆಲ್ವಿನ್‌ನ ಬಲ್ಬು ಹಾಕಿದೆ, ತುಪ್ಪ ಮತ್ತೆ ತುಪ್ಪವಾಯಿತು.

ಇನ್ನೊಂದು. ಕಂಪನಿಗಳು ಎಷ್ಟೋ ಬಣ್ಣಗಳಿಗೆ ಎಲ್‌ಆರ್‌ವಿ ಅಂತ ಒಂದು ನಂಬರು ಕೊಡುತ್ತವೆ. 0 ಅಂದ್ರೆ ಬೆಳಕನ್ನೆಲ್ಲ ನುಂಗುವ ಕಪ್ಪು, 100 ಅಂದ್ರೆ ಬಿದ್ದ ಬೆಳಕನ್ನು ಪೂರ್ತಿ ವಾಪಸ್ ಕೊಡುವ ಬಿಳಿ. ನಮ್ಮಂಥ ಕತ್ತಲೆ ಮನೆಗೆ 70ಕ್ಕಿಂತ ಕೆಳಗೆ ನಾನಂತೂ ಇಳಿಯುವುದಿಲ್ಲ.

ಜನವರಿಯಲ್ಲಿ ಪೇಂಟರ್ ಬಂದು “ಅಕ್ಕಾ, ನಾಳೆಯಿಂದ ಶುರು ಮಾಡೋಣ” ಅಂದರು. ಗೋಡೆ ಒಣಗಿದೆಯಾ ನೋಡೋಣ ಅಂತ ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿದೆ. ಮಾರನೇ ದಿನ ಪಡುವಣ ಗೋಡೆಯ ಹಾಳೆಯ ಒಳಮೈಯಲ್ಲಿ ನೀರ ಹನಿ. ಮಳೆ ನಿಂತು ಮೂರು ತಿಂಗಳಾದರೂ ಗೋಡೆ ಹೊಟ್ಟೆಯಲ್ಲಿ ನೀರಿಟ್ಟುಕೊಂಡಿತ್ತು. ಮಾರ್ಚ್‌ವರೆಗೆ ಕಾದೆವು. ಹಸಿ ಗೋಡೆಗೆ ಎಂಥಾ ಒಳ್ಳೇ ಬಣ್ಣ ಬಳಿದರೂ ಗುಳ್ಳೆ ಎದ್ದು ಹಪ್ಪಳದ ಹಾಗೆ ಕಳಚುತ್ತದೆ. ಬಳಿಯುವಾಗ ಒಂದೇ ಶೇಡಿನ ಡಬ್ಬಿಗಳನ್ನೆಲ್ಲ ದೊಡ್ಡ ಬಕೆಟಿಗೆ ಸುರಿದು ಕಲಸಿಸಿದೆ. ಮಿಷನ್ನಿನಲ್ಲೇ ಕಲಸಿದರೂ ಡಬ್ಬಿಯಿಂದ ಡಬ್ಬಿಗೆ ಕೂದಲೆಳೆಯಷ್ಟು ವ್ಯತ್ಯಾಸ ಇರುತ್ತದೆ.

ಹೊರಗಿನ ಗೋಡೆಗೆ ನಾನು ಬಿಳಿ ಅಂದೆ. ಅತ್ತೆ ಬೇಡ ಅಂದರು. “ಸೂರಿನ ನೀರು ಅಂಗಳಕ್ಕೆ ಬಿದ್ದು ಕೆಸರು ಎಲ್ಲಿಗೆ ಹಾರುತ್ತೆ? ಹಿಂದಿನವರು ಕೆಳಗೆ ಕೆಮ್ಮಣ್ಣು ಬಳೀತಿದ್ದದ್ದು ಸುಮ್ನೆ ಅಲ್ಲ.” ನಾನು ಅದನ್ನು ಬರೀ ಅಲಂಕಾರ ಅಂದುಕೊಂಡಿದ್ದೆ. ಸಾಗರದ ಕಡೆ ದೀವರ ಮನೆಗಳಲ್ಲಿ ಹಸೆ ಚಿತ್ತಾರ ನೋಡಿದ್ದೆ, ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ. ಮಬ್ಬಿನಲ್ಲೂ ಆ ಗೆರೆ ಹೇಗೆ ಎದ್ದು ಕಾಣುತ್ತದೆ ಅಂತಷ್ಟೇ ಯೋಚಿಸಿದ್ದೆ, ಕೆಂಪು ಯಾಕೆ ಅಂತಲ್ಲ. ಬಣ್ಣ ಹೊಂದಿಸಲು ಅಂಗಳದ ಮಣ್ಣನ್ನೇ ಹಿಡಿಯಷ್ಟು ಒದ್ದೆ ಮಾಡಿ, ಒಣಗಿಸಿ, ಕವರಿನಲ್ಲಿ ಅಂಗಡಿಗೆ ಒಯ್ದೆ. ಅಂಗಡಿ ಹುಡುಗ ಕಣ್ಣು ಬಿಟ್ಟ. ಒಣಗಿದ ಮಣ್ಣಿಗೆ ಹೊಂದುವುದನ್ನೇ ತೆಗೆದುಕೊಂಡು ನೆಲದಿಂದ ಮೂರು ಅಡಿ ಪಟ್ಟೆ ಎಳೆಸಿದೆವು, ಮೇಲೆ ಬಿಳಿ.

ಒಂದು ಮಳೆಗಾಲ ಕಳೆದಿದೆ. ಮೂರು ಕಡೆ ಕೆಸರಿನ ಗುರುತೇ ಕಾಣುವುದಿಲ್ಲ. ಇದೆ, ಕೈಯಿಟ್ಟರೆ ಹತ್ತುತ್ತದೆ, ಕಣ್ಣಿಗೆ ಕಾಣದು ಅಷ್ಟೆ. ಪಡುವಣ ಮೂಲೆಯಲ್ಲಿ ಮಾತ್ರ ಮಳೆ ಅಡ್ಡ ಹೊಡೆದು ಬಿಳಿ ಗೋಡೆಗೆ ಪಾಚಿ ಹಿಡಿದಿದೆ. ಬೇಸಿಗೆ ಬಂದಾಗ ಬ್ಲೀಚಿಂಗ್ ಪೌಡರ್ ನೀರಲ್ಲಿ ತಿಕ್ಕಿ ತೊಳೆದು ಒಣಗಿಸಿ, ಅಲ್ಲಿ ಪಟ್ಟೆಯನ್ನು ಕಿಟಕಿ ಮಟ್ಟಕ್ಕೆ ಏರಿಸಬೇಕು. ಉಳಿದ ಅರ್ಧ ಡಬ್ಬಿ ಅಟ್ಟದ ಮೇಲಿದೆ.