ಶುಗರ್ ಇದ್ದರೂ ಹಬ್ಬದೂಟ: ಮೊದಲ ಪಂಕ್ತಿಯಲ್ಲಿ ಕೂತು ಗೆದ್ದ ನನ್ನ ಲೆಕ್ಕ

ಈ ಸಲ ಯುಗಾದಿಗೆ ಎರಡು ಒಬ್ಬಟ್ಟು ತಿಂದೆ. ತುಪ್ಪ ಹಾಕಿಕೊಂಡೇ ತಿಂದೆ. ಊಟ ಆಗಿ ಎರಡು ಗಂಟೆಗೆ ಬೆರಳು ಚುಚ್ಚಿ ಮೀಟರ್‌ನಲ್ಲಿ ನೋಡಿದರೆ ಶುಗರ್ 160ರ ಆಸುಪಾಸು. ಮೂರ್ನಾಲ್ಕು ವರ್ಷದ ಹಿಂದೆ ಇದೇ ಮನೆಯಲ್ಲಿ, ಇದೇ ಹಬ್ಬಕ್ಕೆ, ಒಂದೇ ಒಬ್ಬಟ್ಟು ತಿಂದ ದಿನ 290 ದಾಟಿತ್ತು. ಮಾತ್ರೆ ಆಗಲೂ ಅದೇ, ಈಗಲೂ ಅದೇ. ನಮ್ಮ ಭಾವನವರು 'ನಿನ್ನ ಮೀಟರ್ ಕೆಟ್ಟಿದೆ' ಅಂದರು. ಅವರ ಮೀಟರ್ ತರಿಸಿ ಅದರಲ್ಲೂ ನೋಡಿದೆವು, 165ರ ಹತ್ತಿರ ಬಂತು. ಸಂಜೆ ಕಾಫಿ ಹೊತ್ತಿಗೆ ಅವರೇ ಕೂರಿಸಿಕೊಂಡು 'ಅದೇನು ಮಾಡ್ದೆ ಹೇಳವ್ವ, ನಾನೂ ಮಾಡ್ತೀನಿ' ಅಂತ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಇದು ಟೈಪ್ 2, ಅಂದರೆ ದೊಡ್ಡವರಿಗೆ ಹೆಚ್ಚಾಗಿ ಬರುವ ಶುಗರ್ ಇರುವವರಿಗೆ. ಫಾಸ್ಟಿಂಗ್ ಅಂದರೆ ಖಾಲಿ ಹೊಟ್ಟೆಯ ಶುಗರ್, ಪಿಪಿ ಅಂದರೆ ಊಟ ಆಗಿ ಎರಡು ಗಂಟೆಯ ಶುಗರ್, ಮೂರು ತಿಂಗಳ ಶುಗರ್ ಅಂದರೆ ಮೂರು ತಿಂಗಳ ಸರಾಸರಿ ತೋರಿಸುವ HbA1c ಪರೀಕ್ಷೆ ಅಂತ ನಿಮಗೆ ಗೊತ್ತೇ ಇರುತ್ತದೆ. ನನಗೆ ಶುಗರ್ ಬಂದು ಎಂಟೊಂಬತ್ತು ವರ್ಷ ಆಯಿತು. ಮೆಟ್‌ಫಾರ್ಮಿನ್, ಗ್ಲಿಮಿಪಿರೈಡ್ ಎರಡೂ ಸೇರಿರುವ ಮಾತ್ರೆ ತೆಗೆದುಕೊಳ್ಳುತ್ತೇನೆ. ಇನ್ಸುಲಿನ್ ಇಲ್ಲ. ಇನ್ಸುಲಿನ್ ಹಾಕಿಕೊಳ್ಳುವವರ ಲೆಕ್ಕವೇ ಬೇರೆ, ಅವರು ನನ್ನದನ್ನು ಹಾಗೇ ಅನುಸರಿಸಬೇಡಿ.

ನಮ್ಮದು ಮಂಡ್ಯ ಸೀಮೆ. ಆಲೆಮನೆ ವಾಸನೆ ಕುಡಿದು ಬೆಳೆದವರು ನಾವು. ಇಲ್ಲಿ ಶುಗರ್ ಇದೆ ಅಂದರೆ ಎಲ್ಲರೂ ಮೊದಲು ಹೇಳುವ ಮಾತು, 'ಸಕ್ಕರೆ ಬಿಡು, ಬೆಲ್ಲ ತಿನ್ನು, ಏನೂ ಆಗಲ್ಲ'. ಅದನ್ನು ಪರೀಕ್ಷೆ ಮಾಡಿಯೇ ಬಿಟ್ಟೆ. ಹೆಸರುಬೇಳೆ ಪಾಯಸ ಎರಡು ಬೆಳಿಗ್ಗೆ ಮಾಡಿದೆ. ಬೇಳೆ, ಹಾಲು, ಲೋಟದ ಅಳತೆ ಎಲ್ಲ ಒಂದೇ. ಒಂದು ದಿನ ಬೆಲ್ಲ, ಇನ್ನೊಂದು ದಿನ ಅಷ್ಟೇ ತೂಕದ ಸಕ್ಕರೆ. ಎರಡು ದಿನದ ಶುಗರ್‌ಗೂ ಹತ್ತು ಹನ್ನೆರಡರ ವ್ಯತ್ಯಾಸ ಬಂತು. ಮೀಟರೇ ನೂರಕ್ಕೆ ಹದಿನೈದರಷ್ಟು ಆಚೀಚೆ ತೋರಿಸಬಹುದು. ಹಾಗಾಗಿ ಎರಡೂ ಒಂದೇ ಅಂತ ಇಟ್ಟುಕೊಂಡೆ. ಬೆಲ್ಲದಲ್ಲಿ ಬಹುಪಾಲು ಇರುವುದೂ ಸಕ್ಕರೆಯೇ ಅಲ್ವಾ. ರುಚಿಗೆ ಬೆಲ್ಲ ತಿನ್ನಿ, ಔಷಧಿ ಅಂತ ತಿನ್ನಬೇಡಿ.

ಈ ದಾರಿ ಸಿಗುವ ಮೊದಲು ದುಡ್ಡು ಸಾಕಷ್ಟು ಹೋಗಿದೆ. ಶುಗರ್ ಫ್ರೀ ಮೈಸೂರು ಪಾಕು ತರಿಸಿದೆವು, ಮಾಮೂಲಿಗಿಂತ ಹೆಚ್ಚುಕಮ್ಮಿ ಎರಡರಷ್ಟು ರೇಟು. ಸಕ್ಕರೆ ಇಲ್ಲ ನಿಜ, ಆದರೆ ಕಡಲೆ ಹಿಟ್ಟು, ತುಪ್ಪ ಎಲ್ಲ ಇದ್ದೇ ಇದೆ. ಸಕ್ಕರೆಗೆ ಬದಲು ಹಾಕುವ ಮಾಲ್ಟಿಟಾಲ್ ಕೂಡ ಸ್ವಲ್ಪ ಏರಿಸುತ್ತದೆ. ಜೊತೆಗೆ ಹೊಟ್ಟೆ ಉಬ್ಬರ. 'ಶುಗರ್ ಫ್ರೀ' ಅಂತ ನಾಲ್ಕು ತುಂಡು ತಿಂದವರಿಗೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಆಮೇಲೆ ಸ್ಟೀವಿಯಾ ಅನ್ನುವ ಸಿಹಿ ಎಲೆಯ ಪುಡಿ ಹಾಕಿ ಹೂರಣ ಮಾಡಿ ನೋಡಿದೆ. ಬೆಲ್ಲ ಇಲ್ಲದಿದ್ದರೆ ಹೂರಣಕ್ಕೆ ಅಂಟೇ ಬರಲ್ಲ. ಲಟ್ಟಿಸಿದರೆ ಕಣಕ ಒಂದು ಕಡೆ, ಹೂರಣ ಒಂದು ಕಡೆ. ನಾಲಿಗೆಗೂ ಕಹಿ. ಒಂದು ಸೇರು ಬೇಳೆ ಹಸುವಿಗೆ ಹೋಯಿತು. ಹಾಗಲಕಾಯಿ, ನೇರಳೆ ಬೀಜದ ಪುಡಿ ಅಂತ ಒಂದು ಡಬ್ಬಕ್ಕೆ ಸಾವಿರದ ಮೇಲೆ ಕೊಟ್ಟೆವು. ಆ ತಿಂಗಳ ಶುಗರ್ ಅಂಕಿಗೂ ಹಿಂದಿನದಕ್ಕೂ ಏನೂ ಫರಕಿಲ್ಲ.

ಇನ್ನೊಂದು ಉಪಾಯ ಎಲ್ಲರೂ ಮಾಡುತ್ತಾರೆ. ಮಧ್ಯಾಹ್ನ ಜೋರು ಊಟ ಇದೆ ಅಂತ ಬೆಳಿಗ್ಗೆ ತಿಂಡಿ ಬಿಡುವುದು. ಇದು ಪೂರ್ತಿ ಉಲ್ಟಾ. ತಿಂಡಿ ಬಿಟ್ಟ ದಿನ ಮಧ್ಯಾಹ್ನದ ಅದೇ ಊಟಕ್ಕೆ ಶುಗರ್ ಇನ್ನೂ ಮೇಲೆ ಹೋಗುತ್ತದೆ. ನಾನು ಶುಗರ್ ಬರೆದಿಡುವ ಪುಸ್ತಕದಲ್ಲಿ ಪ್ರತಿ ಹಬ್ಬಕ್ಕೂ ಹೀಗೇ ಬಂದಿದೆ.

ಆ ಪುಸ್ತಕ ನೋಡುತ್ತಾ ಕೂತಾಗಲೇ ವಿಷಯ ಹೊಳೆದದ್ದು. ಹಬ್ಬದ ದಿನ ಮನೆ ಹೆಂಗಸಿನ ಹೊಟ್ಟೆ ಗತಿ ಏನು? ನಾಲ್ಕೂವರೆಗೆ ಎದ್ದು ಎಣ್ಣೆ ಸ್ನಾನ. ಏಳಕ್ಕೆ ಅಭ್ಯಾಸಬಲದಿಂದ ಮಾತ್ರೆ. ನೈವೇದ್ಯ ಆಗುವ ತನಕ ಏನೂ ಬಾಯಿಗೆ ಹಾಕುವ ಹಾಗಿಲ್ಲ. ಪೂಜೆ ಮುಗಿಯುವಾಗ ಹನ್ನೆರಡು. ಆಮೇಲೆ ಗಂಡಸರು, ಮಕ್ಕಳು, ನೆಂಟರು ಅಂತ ಎರಡು ಪಂಕ್ತಿ. ನಾವು ಕೂರುವಾಗ ಮೂರು. ಗ್ಲಿಮಿಪಿರೈಡ್ ಇರುವ ಮಾತ್ರೆ ಖಾಲಿ ಹೊಟ್ಟೆಯಲ್ಲಿ ಸುಮ್ನೆ ಕೂರಲ್ಲ, ಶುಗರ್ ಇಳಿಸುತ್ತಲೇ ಇರುತ್ತದೆ. ಹನ್ನೊಂದರ ಹೊತ್ತಿಗೆ ನನಗೆ ಕೈ ನಡುಕ, ಬೆವರು. ಒಮ್ಮೆ ನೋಡಿದಾಗ 60ರ ಮೇಲೆ ಒಂದೆರಡು ಅಷ್ಟೇ. 70ಕ್ಕಿಂತ ಕೆಳಗೆ ಹೋದರೆ ಅಪಾಯ ಅಂತ ನಿಮಗೆ ಗೊತ್ತು. ಮೂರು ಗಂಟೆಗೆ ಕೂತಾಗ ಹಸಿವು ಎಷ್ಟಿರುತ್ತದೆ ಅಂದರೆ ಎಲೆ ಮೇಲೆ ಬಡಿಸಿದ್ದೆಲ್ಲ ಕಾಲು ಗಂಟೆಯಲ್ಲಿ ಖಾಲಿ. ತಿಂದು ಸುಸ್ತಿಗೆ ಚಾಪೆ ಹಾಸಿ ಮಲಗುವುದು. ಐದಕ್ಕೆ ನೋಡಿದರೆ 290. ಒಂದೇ ದಿನದಲ್ಲಿ ಪಾತಾಳಕ್ಕೂ ಹೋಗಿ, ಮುಗಿಲಿಗೂ ಹೋಗಿ ಬಂದ ಹಾಗೆ.

ಒಬ್ಬಟ್ಟು ಬಿಡಿ ಅಂತ ಹೇಳಿದವರು ಎಷ್ಟೋ ಜನ. ನೀವು ಎಷ್ಟು ಹೊತ್ತಿಗೆ ಊಟಕ್ಕೆ ಕೂರುತ್ತೀರಿ ಅಂತ ಒಬ್ಬರೂ ಕೇಳಿರಲಿಲ್ಲ.

ಮನೆಯಲ್ಲಿ ಹೇಳಿದೆ, ಇನ್ನು ಮೇಲೆ ನಾನು ಮೊದಲ ಪಂಕ್ತಿಯಲ್ಲಿ ಕೂರುತ್ತೇನೆ, ಎರಡನೇ ಪಂಕ್ತಿಗೆ ಬಡಿಸುತ್ತೇನೆ. ನಮ್ಮತ್ತೆ ಒಪ್ಪಲಿಲ್ಲ. 'ನೆಂಟ್ರಿಗೆ ಬಡಿಸ್ದೆ ನೀನೇ ಕೂತ್ಕಂಡ್ರೆ ಜನ ಏನನ್ಕತಾರೆ?' ಅಂದರು. ಓರಗಿತ್ತಿ ಮುಖ ಸಣ್ಣ ಮಾಡಿಕೊಂಡಳು, ಮೊದಲ ಪಂಕ್ತಿಯ ಕೆಲಸ ಅವಳ ಮೇಲೆ ಬೀಳುತ್ತದಲ್ಲ. ನನ್ನ ಯಜಮಾನರು ಸುಮ್ಮನಿದ್ದರು. ನಾನು ಪುಸ್ತಕ ತೆಗೆದು 62 ಇದ್ದ ಪುಟ, 290 ಇದ್ದ ಪುಟ ಎರಡನ್ನೂ ಅತ್ತೆಗೆ ಓದಿ ಹೇಳಿದೆ. ಅವರ ತಂಗಿಗೆ ಶುಗರ್‌ನಿಂದ ಕಾಲಿನ ಬೆರಳು ಹೋಗಿದೆ. ಸ್ವಲ್ಪ ಹೊತ್ತು ಬಿಟ್ಟು 'ಕೂತ್ಕೊ ಕಣವ್ವ' ಅಂದರು. ಈಗ ಹೊರಗಿನವರು ಯಾರಾದರೂ ಹುಬ್ಬೇರಿಸಿದರೆ ಉತ್ತರ ಕೊಡುವವರೇ ಅವರು. ಮಕ್ಕಳ ಜೊತೆ ಕೂತು ನಾನು ಉಂಡ ಮೇಲೆ ಓರಗಿತ್ತಿ ಎರಡನೇ ಪಂಕ್ತಿಗೆ ಕೂರುತ್ತಾಳೆ, ನಾನು ಬಡಿಸುತ್ತೇನೆ. ಅವಳೂ ಈಗ ಮೂರು ಗಂಟೆ ತನಕ ಕಾಯುವುದಿಲ್ಲ.

ಬೆಳಗಿನದೂ ಬದಲಾಯಿತು. ಹೆಸರುಕಾಳು ಉಸ್ಲಿ ಮಾಡಿ, ಏಳೂವರೆಗೆ ಅದನ್ನೇ ದೇವರಿಗೆ ಮೊದಲ ನೈವೇದ್ಯ ಇಟ್ಟು, ಪ್ರಸಾದ ಅಂತ ಒಂದು ಬಟ್ಟಲು ತಿಂದುಬಿಡುತ್ತೇನೆ. ಮಾತ್ರೆ ಅದರ ಜೊತೆಗೆ. ದೇವರಿಗೂ ಆಯಿತು, ಹೊಟ್ಟೆಗೂ ಆಯಿತು. ಬೆಳಿಗ್ಗೆ ಕಾಳು ತಿಂದರೆ ಮಧ್ಯಾಹ್ನದ ಊಟಕ್ಕೂ ಶುಗರ್ ಕಡಿಮೆ ಏರುತ್ತದೆ. ಇಡ್ಲಿ ತಿಂದ ಹಬ್ಬಕ್ಕೂ ಉಸ್ಲಿ ತಿಂದ ಹಬ್ಬಕ್ಕೂ ಇಪ್ಪತ್ತು ಮೂವತ್ತರ ಫರಕು ನಾನೇ ಕಂಡಿದ್ದೇನೆ.

ಈಗ ಎಲೆ ವಿಷಯ. ಎಲೆಯಲ್ಲಿ ಏನಿದೆ ಅನ್ನುವಷ್ಟೇ, ಯಾವುದು ಮೊದಲು ಒಳಗೆ ಹೋಗುತ್ತದೆ ಅನ್ನುವುದೂ ಮುಖ್ಯ. ಕೂತ ತಕ್ಷಣ ಅನ್ನ ಹಾಕಿಸಿಕೊಳ್ಳಲ್ಲ. ಕೋಸಂಬರಿ ಮೂರು ಸಲ ಬಡಿಸಿಕೊಳ್ಳುತ್ತೇನೆ. ನೆನೆಸಿದ ಹೆಸರುಬೇಳೆ, ಸೌತೆಕಾಯಿ, ಕಾಯಿತುರಿ, ಮೇಲೆ ನಿಂಬೆಹುಳಿ. ಅದನ್ನು ನಿಧಾನಕ್ಕೆ ಅಗಿದು ಮುಗಿಸಬೇಕು. ಆಮೇಲೆ ಹುರುಳಿಕಾಯಿ ಪಲ್ಯ, ಇನ್ನೊಂದು ಪಲ್ಯ. ಅಲ್ಲಿಗೆ ಹತ್ತು ನಿಮಿಷ ಆಗಿರುತ್ತದೆ. ಬಿಸಿ ಒಬ್ಬಟ್ಟು ಬರುವುದು ಆಗ. ಒಬ್ಬಟ್ಟು ಮುಗಿದ ಮೇಲೆ ಒಂದು ಹಿಡಿ ಅನ್ನ, ಅದಕ್ಕೆ ಒಬ್ಬಟ್ಟಿನ ಸಾರು. ಕೊನೆಗೆ ಒಂದು ಲೋಟ ಮಜ್ಜಿಗೆ. ಮಾವಿನಕಾಯಿ ಚಿತ್ರಾನ್ನ ರುಚಿಗೆ ಒಂದು ತುತ್ತು. ಹಪ್ಪಳ, ಬೋಂಡ, ಪಾಯಸ ಇಲ್ಲ. ಸಿಹಿ ತಿಂದ ದಿನ ಅನ್ನ ಆ ಒಂದು ಹಿಡಿಗೇ ನಿಲ್ಲಿಸಬೇಕು, ಇದೇ ಇದರ ಗುಟ್ಟು. ಎರಡೂ ಹೊಟ್ಟೆ ತುಂಬ ಬೇಕು ಅಂದರೆ ಯಾವ ಕೋಸಂಬರಿಯೂ ಕಾಪಾಡಲ್ಲ. ಅನ್ನ ಮೊದಲು, ಪಲ್ಯ ಕೊನೆಗೆ ಅಂತ ತಿರುಗಿಸಿಯೂ ನೋಡಿದ್ದೇನೆ. ಅದೇ ಸಾಮಾನು, ಅದೇ ಅಳತೆ, 40 ಜಾಸ್ತಿ.

ಒಬ್ಬಟ್ಟಿನ ಬಗ್ಗೆ ಒಂದು ಮಾತು. ನನ್ನ ಒಬ್ಬಟ್ಟು ಅಂದರೆ ನಮ್ಮ ಬೀದಿಯಲ್ಲೇ ಹೆಸರು, ಅದನ್ನು ಹೇಳಿಕೊಳ್ಳುವುದಕ್ಕೆ ನನಗೇನೂ ಸಂಕೋಚ ಇಲ್ಲ. ಮಾಮೂಲಿಯಾಗಿ ತೊಗರಿಬೇಳೆ ಒಂದು ಪಾವಾದರೆ ಬೆಲ್ಲವೂ ಒಂದು ಪಾವು. ನಾನು ಬೆಲ್ಲ ಅರ್ಧಕ್ಕೆ ಇಳಿಸಿದ್ದೇನೆ. ಗಾತ್ರ ಅಂಗೈ ಅಗಲ. ಕಣಕ ತೆಳ್ಳಗೆ, ಒಳಗಿನ ಹೂರಣ ಕಾಣುವಷ್ಟು. ಮೈದಾ ಇರುವುದು ಕಣಕದಲ್ಲಿ, ಬೇಳೆ ಇರುವುದು ಹೂರಣದಲ್ಲಿ. ಯಾವುದು ಜಾಸ್ತಿ ಇರಬೇಕು ಅಂತ ನೀವೇ ಹೇಳಿ. ಬೆಲ್ಲ ಅರ್ಧ ಆದರೆ ಹೂರಣ ಒಣಗಿ ಬಿರುಕು ಬಿಡುತ್ತದೆ. ಬಿಡದ ಹಾಗೆ ನಾನು ಒಂದು ಸಾಮಾನು ಸೇರಿಸುತ್ತೇನೆ, ಅದನ್ನು ಇಲ್ಲಿ ಬರೆಯಲ್ಲ. ಮನೆಗೆ ಬಂದವರು ತಿಂದು ಕಂಡುಹಿಡಿಯಲಿ. ಇಲ್ಲಿಯ ತನಕ ಯಾರಿಗೂ ಆಗಿಲ್ಲ.

ಊಟ ಆದ ಮೇಲೆ ವಾಕಿಂಗ್ ಹೋಗಿ ಅಂತಾರೆ. ಯುಗಾದಿ ಬಿಸಿಲಲ್ಲಿ ಎರಡು ಗಂಟೆಗೆ ಮಂಡ್ಯದಲ್ಲಿ ಯಾರು ವಾಕಿಂಗ್ ಹೋಗುತ್ತಾರೆ? ಎರಡನೇ ಪಂಕ್ತಿ ಬಡಿಸುವುದೇ ನನ್ನ ವಾಕಿಂಗ್. ಅಡುಗೆಮನೆಯಿಂದ ನಡುಮನೆಗೆ, ಸಾರು, ಪಲ್ಯ, ತುಪ್ಪ, ಮತ್ತೆ ಒಬ್ಬಟ್ಟು. ಅರ್ಧ ಗಂಟೆ ಕಾಲು ನಿಲ್ಲಲ್ಲ. ಊಟ ಆದ ತಕ್ಷಣದ ಹತ್ತು ಹದಿನೈದು ನಿಮಿಷದ ಓಡಾಟವೇ ಸಾಕಷ್ಟು ಕೆಲಸ ಮಾಡುತ್ತದೆ. ಒಂದು ಹಬ್ಬಕ್ಕೆ ಮಂಡಿ ನೋವು ಅಂತ ಬಡಿಸದೆ ಕೂತಿದ್ದೆ. ಊಟ ಅದೇ, ಆದರೂ 200ರ ಹತ್ತಿರ ಬಂತು.

ಹೋದ ವರ್ಷ ದೀಪಾವಳಿಗೆ ಮಗಳು ತೋಳಿಗೆ ಅಂಟಿಸಿದರೆ ಹಗಲು ರಾತ್ರಿ ಶುಗರ್ ತೋರಿಸುವ ಸೆನ್ಸರ್ ತಂದುಕೊಟ್ಟಳು. ಎರಡು ವಾರಕ್ಕೆ ನಾಲ್ಕೂವರೆ ಸಾವಿರವೋ ಐದು ಸಾವಿರವೋ. ದುಬಾರಿ ಹೌದು, ಆದರೆ ಕಜ್ಜಾಯದ ಬಣ್ಣ ಬಯಲಾದದ್ದು ಅದರಿಂದಲೇ. ಕಜ್ಜಾಯ ತಿಂದು ಎರಡು ಗಂಟೆಗೆ 150 ಇತ್ತು, ಖುಷಿಪಟ್ಟೆವು. ಮೂರೂವರೆ ಗಂಟೆಗೆ ನೋಡಿದರೆ 210. ಎಣ್ಣೆಯಲ್ಲಿ ಕರಿದದ್ದು ಹೊಟ್ಟೆಯಿಂದ ನಿಧಾನಕ್ಕೆ ಇಳಿಯುತ್ತದೆ, ಶುಗರ್ ತಡವಾಗಿ ಏರುತ್ತದೆ. ಎರಡು ಗಂಟೆಗೆ ಮಾತ್ರ ಚುಚ್ಚಿಕೊಳ್ಳುವವರಿಗೆ ಇದು ಗೊತ್ತೇ ಆಗಲ್ಲ. ಕರಿದ ಸಿಹಿ ತಿಂದರೆ, ತಿಂದು ಮೂರೂವರೆ ಗಂಟೆ ಆದ ಮೇಲೆ ಮೀಟರ್‌ಗೆ ಹಾಕುವ ಇನ್ನೊಂದು ಸ್ಟ್ರಿಪ್ ಖರ್ಚು ಮಾಡಿ. ಸಾಮೆ ಅಕ್ಕಿ ಹಿಟ್ಟಲ್ಲೂ ಕಜ್ಜಾಯ ಮಾಡಿ ನೋಡಿದೆ. ಎಣ್ಣೆಗೆ ಬಿಟ್ಟ ತಕ್ಷಣ ಒಡೆದು ಚೂರಾಯಿತು, ಉಳಿದದ್ದನ್ನು ತಿಂದರೂ ಅಕ್ಕಿಯದಕ್ಕಿಂತ ಹೆಚ್ಚೇನೂ ಕಡಿಮೆ ಬರಲಿಲ್ಲ.

ಅದೇ ಸೆನ್ಸರ್ ಇದ್ದಾಗ ಮುದ್ದೆಯನ್ನೂ ನೋಡಿದೆ. 'ರಾಗಿ ತಿಂದರೆ ಶುಗರ್ ಏರಲ್ಲ' ಅಂತಾರಲ್ಲ, ನನ್ನ ಮೈಯಲ್ಲಿ ದೊಡ್ಡ ಮುದ್ದೆಗೂ ತಟ್ಟೆ ಅನ್ನಕ್ಕೂ ಅಂಥ ವ್ಯತ್ಯಾಸ ಇರಲಿಲ್ಲ. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಮುದ್ದೆ, ಜೊತೆಗೆ ಬಟ್ಟಲು ತುಂಬ ಅವರೆಕಾಳು ಸಾರು ಆದರೆ ಪರವಾಗಿಲ್ಲ. ಹೊಸತೊಡಕಿನ ದಿನ ನಮಗೆ ಸಲೀಸು. ಮಟನ್ ಸಾರಿನಲ್ಲಿ ತುಂಡು ಜಾಸ್ತಿ, ಮುದ್ದೆ ಚಿಕ್ಕದು. ಸಂಕ್ರಾಂತಿಯೂ ಅಷ್ಟೇ ಸಲೀಸು. ಎಳ್ಳು ಬೆಲ್ಲದಲ್ಲಿ ಎಳ್ಳು, ಕಡ್ಲೇಕಾಯಿ ಬೀಜ, ಕೊಬ್ಬರಿ ಆರಿಸಿ ತಿಂದು, ಸಕ್ಕರೆ ಅಚ್ಚು ಮಕ್ಕಳಿಗೆ ಕೊಡುತ್ತೇನೆ.

ಒಂದು ಸಣ್ಣ ವಿಷಯ, ಆದರೆ ಮರೆಯಬೇಡಿ. ಬೆರಳಿಗೆ ಬೆಲ್ಲ ಅಂಟಿದ್ದರೆ ಮೀಟರ್ ಅದನ್ನೂ ಸೇರಿಸಿ ತೋರಿಸುತ್ತದೆ. ಹೂರಣ ರುಬ್ಬಿದ ಕೈ ಸೀರೆ ಸೆರಗಿಗೆ ಒರೆಸಿ ಚುಚ್ಚಿದರೆ 300 ಬರುತ್ತದೆ. ಸೋಪು ಹಾಕಿ ತೊಳೆದು, ಒಣಗಿಸಿ, ಆಮೇಲೆ ಚುಚ್ಚಿ. ನಮ್ಮ ಬೀದಿಯ ಒಬ್ಬ ಅಜ್ಜಿ ಹೀಗೆ ಬಂದ ಅಂಕಿಗೆ ಹೆದರಿ ಇನ್ನೊಂದು ಮಾತ್ರೆ ನುಂಗಲು ಹೊರಟಿದ್ದರು, ಮೊಮ್ಮಗ ತಡೆದ.

ವರಮಹಾಲಕ್ಷ್ಮಿ ವ್ರತದ ದಿನ ಸಂಜೆ ತನಕ ಊಟ ಇಲ್ಲದವರು ಮಾತ್ರೆ ಬಗ್ಗೆ ಡಾಕ್ಟರನ್ನು ಹಿಂದಿನ ವಾರವೇ ಕೇಳಿಕೊಳ್ಳಿ. ನನಗೆ ಆ ದಿನಕ್ಕೆ ಬೇರೆ ಹೇಳಿದ್ದಾರೆ. ಅದು ನನಗೆ ಬರೆದದ್ದು, ನಿಮಗಲ್ಲ. ನಡುಕ ಬಂದರೆ ವ್ರತ ಅಂತ ನೋಡಬೇಡಿ. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಿ. ಆಗ ಒಬ್ಬಟ್ಟು ತಿಂದು ಕೂರಬೇಡಿ. ಅದರಲ್ಲಿರುವ ತುಪ್ಪ, ಬೇಳೆಯಿಂದ ಶುಗರ್ ಏರುವುದು ತಡ ಆಗುತ್ತದೆ. ದೇವಿ ಕ್ಷಮಿಸುತ್ತಾಳೆ.

ಖರ್ಚು ಕೇಳಿದರೆ, ಹಬ್ಬಕ್ಕೆ ನಾಲ್ಕೈದು ಸ್ಟ್ರಿಪ್, ಒಂದಕ್ಕೆ ಹದಿನೆಂಟು ಇಪ್ಪತ್ತು ರೂಪಾಯಿ. ಮೂರು ತಿಂಗಳಿಗೊಮ್ಮೆ ಲ್ಯಾಬಿಗೆ ನಾನೂರು ಐನೂರು. ಮೂರು ತಿಂಗಳ ಶುಗರ್ ಆಗ 8.8 ಇತ್ತು ಅಂತ ನೆನಪು. ಎಲ್ಲ ಹಬ್ಬ ಮಾಡಿ, ಎಲ್ಲ ಹಬ್ಬಕ್ಕೂ ಸಿಹಿ ತಿಂದು, ಈಗ 6.9. ಡಾಕ್ಟರ್ ಎರಡು ಸಲ ಕಾಗದ ನೋಡಿದರು, 'ಒಬ್ಬಟ್ಟು ನಿಜವಾಗಲೂ ತಿಂದ್ರಾ?' ಅಂದರು.

ನನಗೆ ಇನ್ನೂ ಬಗೆಹರಿಯದೆ ಉಳಿದಿರುವುದು ಗೌರಿ ಗಣೇಶನ ಕರಿಗಡುಬು. ಮೇಲೆ ಮೈದಾ, ಒಳಗೆ ಬೆಲ್ಲ, ಕೊಬ್ಬರಿ, ಮೇಲಿಂದ ಎಣ್ಣೆ. ಒಂದೇ ತಿಂದರೂ ರಾತ್ರಿ ತನಕ ಇಳಿಯಲ್ಲ. ಹೂರಣಕ್ಕೆ ಹುರಿಗಡಲೆ, ಎಳ್ಳು ಜಾಸ್ತಿ ಮಾಡಿದೆ, 190ಕ್ಕೆ ಬಂದು ನಿಂತಿದೆ. ಈ ಸಲ ಅರ್ಧ ಕರಿದದ್ದು, ಅರ್ಧ ಹಬೆಯಲ್ಲಿ ಬೇಯಿಸಿದ್ದು ಮಾಡಿ, ಮೂರೂವರೆ ಗಂಟೆಗೆ ಎರಡನ್ನೂ ನೋಡಬೇಕು ಅಂತಿದ್ದೇನೆ.