ಲಕ್ವದ ರೋಗಿಗೆ ಬೆಡ್‌ಸೋರ್ ಆಗದಂತೆ ನೋಡಿಕೊಳ್ಳುವುದು: ನನ್ನ ಅನುಭವ

ಸರ್ಕಾರಿ ಆಸ್ಪತ್ರೆಯೊಂದರ ಮೆಡಿಸಿನ್ ವಾರ್ಡಿನಲ್ಲಿ ನರ್ಸ್ ಆಗಿರುವ ನನ್ನ ಪಾಲಿಗೆ ಹೆಚ್ಚಾಗಿ ಬರುವವರು ಲಕ್ವ ಹೊಡೆದು ಒಂದು ಕಡೆಯ ಕೈಕಾಲು ಬಿದ್ದುಹೋದವರು. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಹರಿಯದೆ ಹುಣ್ಣಾಗುವುದನ್ನು ತಡೆಯುವಲ್ಲಿ ಮುಲಾಮುಗಳಿಗಿಂತ ನಮ್ಮ ಕಣ್ಣು ಮತ್ತು ಕೈಗಳ ಕೆಲಸವೇ ಹೆಚ್ಚು ಎಂಬುದು ನಾನು ಕಂಡುಕೊಂಡದ್ದು.

ರೋಗಿ ದಾಖಲಾದ ಪಾಳಿಯಲ್ಲೇ ಬ್ರೇಡನ್ ಸ್ಕೇಲ್, ಅಂದರೆ ಬೆಡ್‌ಸೋರ್ ಆಗುವ ಅಪಾಯ ಎಷ್ಟೆಂದು ಅಳೆಯುವ ಪಟ್ಟಿ, ತುಂಬುತ್ತೇನೆ. 6 ಅಂಶಗಳಿಗೆ ಅಂಕ ಕೊಡುವ ಈ ಪಟ್ಟಿಯಲ್ಲಿ ಗರಿಷ್ಠ 23. ಅಂಕ 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಪಾಯವಿದೆ ಎಂದರ್ಥ. ಆದರೆ ಅಂಕ ಚರ್ಮ ನೋಡುವ ಕೆಲಸವನ್ನು ತಪ್ಪಿಸುವುದಿಲ್ಲ. ಒತ್ತಿದರೂ ಬಿಳಿಚದ ಕೆಂಪು ಕಲೆಯೇ ಬೆಡ್‌ಸೋರ್‌ನ ಮೊದಲ ಹಂತವೆಂದು ನಾವೆಲ್ಲ ಓದಿದ್ದೇವೆ. ನಮ್ಮವರ ಕಪ್ಪು ಮೈಯಲ್ಲಿ ಆ ಕೆಂಪು ಹಲವು ಸಲ ಕಾಣುವುದೇ ಇಲ್ಲ. ಆದ್ದರಿಂದ ರೋಗಿಯನ್ನು ಮಗ್ಗುಲಿಗೆ ಹೊರಳಿಸಿ, ಬೆಳಕು ಬೀಳುವಂತೆ ಮಾಡಿ, ಸೊಂಟದ ಕೆಳಗಿನ ಮೂಳೆಯ ಜಾಗವನ್ನು ಮೊದಲು ಮುಟ್ಟಿ, ನಂತರ ಪಕ್ಕದ ಚರ್ಮವನ್ನು ಮುಟ್ಟಿ ಹೋಲಿಸುತ್ತೇನೆ: ಅಲ್ಲಿ ಬಿಸಿ ಹೆಚ್ಚಿದೆಯೇ, ಗಟ್ಟಿಯಾಗಿದೆಯೇ, ಮೆತ್ತಗಾಗಿದೆಯೇ, ರೋಗಿ ನೋವಿಗೆ ಮುಖ ಕಿವುಚುತ್ತಾರೆಯೇ. ಹಿಮ್ಮಡಿ, ತಲೆಯ ಹಿಂಭಾಗ, ಆಕ್ಸಿಜನ್ ಟ್ಯೂಬ್ ಕೂರುವ ಕಿವಿಯ ಹಿಂಬದಿ, ಇವನ್ನೂ ಬಿಡುವುದಿಲ್ಲ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬುದು ಎಲ್ಲರಿಗೂ ಗೊತ್ತು. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬರೇ ಇರುವಾಗ ಚಾರ್ಟಿಗೆ ಸಹಿ ಬೀಳುವಷ್ಟು ಸಲೀಸಾಗಿ ರೋಗಿ ಹೊರಳುವುದಿಲ್ಲ, ಹಾಗಾಗಿ ಆ ಹೊತ್ತನ್ನು ಸಾಧ್ಯವಾದಷ್ಟು ಇಂಜೆಕ್ಷನ್ ಕೊಡುವ, ಬಿ.ಪಿ. ನೋಡುವ ಹೊತ್ತಿಗೆ ಜೋಡಿಸಿಕೊಂಡಿದ್ದೇನೆ. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಭಾರವೆಲ್ಲ ಸೊಂಟದ ಬದಿಯ ಮೂಳೆಗೆ ಬೀಳುವುದರಿಂದ, ಬೆನ್ನ ಹಿಂದೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಮಾತ್ರ ವಾಲಿಸುತ್ತೇನೆ. ಮೀನಖಂಡದ ಕೆಳಗೆ ದಿಂಬನ್ನು ಉದ್ದಕ್ಕೆ ಇಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡಿಕೊಳ್ಳುತ್ತೇನೆ.

ಹೆಚ್ಚು ತಲೆನೋವು ಕೊಡುವುದು ರೈಲ್ಸ್ ಟ್ಯೂಬಿನಲ್ಲಿ (ಮೂಗಿನಿಂದ ಹೊಟ್ಟೆಗೆ ಇಳಿಸಿದ ನಳಿಕೆ) ಊಟ ಪಡೆಯುವವರ ವಿಷಯ. ಊಟ ಶ್ವಾಸಕೋಶಕ್ಕೆ ಇಳಿಯದಂತೆ ತಲೆಭಾಗ ಎತ್ತಲೇಬೇಕು. ಎತ್ತಿದರೆ ರೋಗಿ ನಿಧಾನವಾಗಿ ಕೆಳಕ್ಕೆ ಜಾರುತ್ತಾರೆ, ಚರ್ಮ ಹಾಸಿಗೆಗೆ ಅಂಟಿಕೊಂಡು ಒಳಗಿನ ಮೂಳೆ ಜಾರುವಾಗ ನಡುವಿನ ರಕ್ತನಾಳಗಳು ಜಗ್ಗಿಹೋಗುತ್ತವೆ. ನಾನು ಮೊದಲು ಮೊಣಕಾಲಿನ ಕೆಳಗೆ ದಿಂಬು ಕೊಟ್ಟು, ಆಮೇಲೆ ತಲೆಭಾಗ ಎತ್ತುತ್ತೇನೆ. ಊಟ ಮುಗಿದು ಸಾಕಷ್ಟು ಹೊತ್ತಾದ ಮೇಲೆ, ವೈದ್ಯರು ಒಪ್ಪಿದಷ್ಟು ಇಳಿಸುತ್ತೇನೆ. ಜಾರಿದವರನ್ನು ಕಂಕುಳಿಗೆ ಕೈ ಹಾಕಿ ಎಳೆಯಲು ಯಾರನ್ನೂ ಬಿಡುವುದಿಲ್ಲ. ಇಬ್ಬರು ಸೇರಿ ಡ್ರಾ ಶೀಟಿನ (ರೋಗಿಯ ಕೆಳಗೆ ಅಡ್ಡಕ್ಕೆ ಹಾಸಿದ ಬಟ್ಟೆ) ಎರಡೂ ಅಂಚು ಹಿಡಿದು ಎತ್ತಿಯೇ ಮೇಲೆ ಸರಿಸಬೇಕು.

ನಾವು ಕಲಿಯುವಾಗ ಸ್ಪಿರಿಟ್ ಹಚ್ಚಿ, ಪೌಡರ್ ಹಾಕಿ ಬೆನ್ನು ತಿಕ್ಕುವುದೇ ದೊಡ್ಡ ಆರೈಕೆಯಾಗಿತ್ತು. ಸ್ಪಿರಿಟ್ ಚರ್ಮವನ್ನು ಒಣಗಿಸುತ್ತದೆ, ಮೂಳೆ ಚಾಚಿದ ಜಾಗದಲ್ಲಿ ತಿಕ್ಕಿದರೆ ಈಗಾಗಲೇ ನಲುಗಿದ ಚರ್ಮ ಇನ್ನಷ್ಟು ನಲುಗುತ್ತದೆ. ಹಾಗಾಗಿ ಈಗ ಮಲಮೂತ್ರವಾದ ತಕ್ಷಣ ಮೃದುವಾಗಿ ಒರೆಸಿ ಒಣಗಿಸಿ, ಜಿಂಕ್ ಆಕ್ಸೈಡ್ ಇರುವ ಕ್ರೀಮನ್ನು ತೆಳುವಾಗಿ ಸವರುತ್ತೇನೆ.

ಏರ್ ಬೆಡ್ ಹಾಕಿದ್ದೇವಲ್ಲ, ಇನ್ನು ಹೊರಳಿಸುವುದೇಕೆ ಎಂದು ರೋಗಿಯ ಕಡೆಯವರು ಕೇಳುವುದುಂಟು. ಪಂಪ್ ಓಡುತ್ತಿದ್ದರೂ ಪೈಪು ಮಡಚಿದ್ದರೆ, ಅಥವಾ ಮೇಲೆ ಮನೆಯ ಕಂಬಳಿ, ಪ್ಲಾಸ್ಟಿಕ್ ಹಾಳೆ, ಎರಡು ಬೆಡ್‌ಶೀಟು ಪೇರಿಸಿದ್ದರೆ ಆ ಹಾಸಿಗೆಯಿಂದ ಸಿಗುವ ಉಪಯೋಗ ಬಹಳ ಕಡಿಮೆ. ಸರಿಯಾಗಿ ಕೆಲಸ ಮಾಡಿದರೂ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ.

ಡಿಸ್ಚಾರ್ಜ್‌ಗೆ ಮೊದಲು ಮನೆಯಲ್ಲಿ ನೋಡಿಕೊಳ್ಳುವವರಿಂದಲೇ ನನ್ನೆದುರು ಮಗ್ಗುಲು ಬದಲು ಮಾಡಿಸುತ್ತೇನೆ, ಊಟದಲ್ಲಿ ಮೊಟ್ಟೆ, ಬೇಳೆ, ಮೊಸರು ತಪ್ಪಬಾರದೆಂದು ಹೇಳುತ್ತೇನೆ. ಮೆಡಿಕಲ್ ಶಾಪಿನಿಂದ ಗಾಳಿ ತುಂಬಿದ ರಬ್ಬರ್ ರಿಂಗ್ ತಂದವರಿಗೆ, ಅದರ ಅಂಚು ಸುತ್ತಲಿನ ರಕ್ತ ಹರಿವನ್ನೇ ಒತ್ತಿಹಿಡಿಯುತ್ತದೆಂದು ವಿವರಿಸಿ, ಅದನ್ನು ಹಿಂದಿರುಗಿಸಿ ಆ ದುಡ್ಡಿಗೆ ದಿಂಬು ಕೊಳ್ಳಿರೆಂದು ಕಳುಹಿಸುತ್ತೇನೆ.