ಕಿತ್ತಳೆಯ ಸಿ ಜೀವಸತ್ವ: ನಾನು ಅಳೆಯುವ ಬಗೆ

ಪಿಷ್ಟ ಬೆರೆಸಿದ ಕಿತ್ತಳೆ ರಸಕ್ಕೆ ಅಯೋಡಿನ್ ಹನಿ ಬಿದ್ದ ಕಡೆ ನೀಲಿ ಮೂಡುತ್ತದೆ, ಅಲುಗಿಸಿದೊಡನೆ ಮಾಯವಾಗುತ್ತದೆ. ಸಿ ಜೀವಸತ್ವ ತನ್ನ ಇಲೆಕ್ಟ್ರಾನುಗಳನ್ನು ಅಯೋಡಿನ್ನಿಗೆ ಕೊಟ್ಟುಬಿಟ್ಟಿತು ಎಂದರ್ಥ. ಜೀವಕೋಶದೊಳಗೆ ಅದು ಮಾಡುವ ಕೆಲಸವೂ ಇದೇ. ಎಲೆಯ ಹಸಿರು ಕಣವಾದ ಕ್ಲೋರೋಪ್ಲಾಸ್ಟಿನಲ್ಲಿ ಬಿಸಿಲಿಗೆ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡನ್ನು ನೀರಾಗಿಸಲು ಒಂದು ಕಿಣ್ವ ಈ ಜೀವಸತ್ವದ ಇಲೆಕ್ಟ್ರಾನುಗಳನ್ನೇ ಬಳಸುತ್ತದೆ. ನಮ್ಮ ಕೋಶಪೊರೆಯಲ್ಲಿ ಸವೆದ ಇ ಜೀವಸತ್ವವನ್ನು ಮತ್ತೆ ಕೆಲಸಕ್ಕೆ ಹಚ್ಚುವುದೂ ಇದೇ. ಹೀಗೆ ಬರಿದಾದ ಸಿ ಜೀವಸತ್ವಕ್ಕೆ ಕೋಶದಲ್ಲಿ ಗ್ಲುಟಾಥಯೋನ್ ಎಂಬ ಇನ್ನೊಂದು ಅಣು ಮರಳಿ ಇಲೆಕ್ಟ್ರಾನ್ ತುಂಬುತ್ತದೆ. ಫ್ಲಾಸ್ಕಿನಲ್ಲಿ ತುಂಬುವವರಿಲ್ಲ, ಆದ್ದರಿಂದಲೇ ಅಳೆಯಲು ಸಾಧ್ಯ: ಜೀವಸತ್ವ ಮುಗಿದೊಡನೆ ನೀಲಿ ಉಳಿಯುತ್ತದೆ, ಅಲ್ಲಿಯವರೆಗೆ ಹಿಡಿದ ಅಯೋಡಿನ್ನೇ ಅಳತೆ.

2 ಗ್ರಾಂ ಪೊಟ್ಯಾಸಿಯಂ ಅಯೊಡೈಡ್, 1.3 ಗ್ರಾಂ ಅಯೋಡಿನ್ ಎರಡನ್ನೂ ಕೆಲವೇ ಮಿ.ಲೀ. ಬಟ್ಟಿ ಇಳಿಸಿದ ನೀರಿನಲ್ಲಿ ಪೂರ್ತಿ ಕರಗಿಸಿ, ಆಮೇಲೆ 1 ಲೀಟರಿಗೆ ತುಂಬಿಸುತ್ತೇನೆ. ಮೊದಲೇ ನೀರು ಸುರಿದರೆ ಅಯೋಡಿನ್ ಹರಳು ತಳದಲ್ಲೇ ಉಳಿಯುತ್ತದೆ. ಇಟ್ಟುಕೊಳ್ಳುವುದು ಕಂದು ಬಾಟಲಿಯಲ್ಲಿ, ಬಿಗಿ ಮುಚ್ಚಳ ಹಾಕಿ. 0.25 ಗ್ರಾಂ ಪಿಷ್ಟವನ್ನು 50 ಮಿ.ಲೀ. ಬಿಸಿನೀರಿಗೆ ಕದಡಿ ಆರಿಸಬೇಕು. ಕೊಡಗಿನ ಮಳೆಗಾಲದಲ್ಲಿ ಇದಕ್ಕೆ ಬೇಗ ಬೂಷ್ಟು ಹಿಡಿಯುತ್ತದೆ, ಅಂದಂದಿಗೇ ಮಾಡಿಕೊಳ್ಳಿ.

ಮೊದಲು ಶುದ್ಧ ಆಸ್ಕಾರ್ಬಿಕ್ ಆಮ್ಲದ್ದು, ಅಂದರೆ ಸಿ ಜೀವಸತ್ವದ್ದೇ: 100 ಮಿ.ಲೀ. ನೀರಿಗೆ 100 ಮಿ.ಗ್ರಾಂ. ಅದರ 20 ಮಿ.ಲೀ.ಗೆ 150 ಮಿ.ಲೀ. ನೀರು, 1 ಮಿ.ಲೀ. ಪಿಷ್ಟ ಸೇರಿಸಿ, ಬ್ಯೂರೆಟ್ಟಿನಿಂದ (ಅಳತೆಗೆರೆಗಳಿರುವ, ತುದಿಗೆ ನಲ್ಲಿಯಿರುವ ಕೊಳವೆ) ಅಯೋಡಿನ್ ದ್ರಾವಣ ಹನಿಹನಿಯಾಗಿ ಬಿಡಿ. ನೀಲಿ 20 ಸೆಕೆಂಡ್ ನಿಂತರೆ ಮುಗಿಯಿತು. 22–23 ಮಿ.ಲೀ. ಅಯೋಡಿನ್ ದ್ರಾವಣ ಹಿಡಿಯಬೇಕು. ಹೆಚ್ಚು ಹಿಡಿದರೆ ಅಯೋಡಿನ್ ಆವಿಯಾಗಿ ತೆಳುವಾಗಿದೆ; ಕಡಿಮೆ ಹಿಡಿದರೆ ಆಮ್ಲದ ದ್ರಾವಣ ಹಳತಾಗಿದೆ.

ಬಟ್ಟೆಯಲ್ಲಿ ಸೋಸಿದ 20 ಮಿ.ಲೀ. ರಸಕ್ಕೂ ಇದೇ ಕ್ರಮ. ತಿರುಳು ಉಳಿದರೆ ನೀಲಿ ಕಾಣಿಸುವುದು ಕಷ್ಟ. ಶುದ್ಧ ಆಮ್ಲಕ್ಕೆ (ಅದರ 20 ಮಿ.ಲೀ.ನಲ್ಲಿ 20 ಮಿ.ಗ್ರಾಂ ಇತ್ತು) 22.5 ಮಿ.ಲೀ., ರಸಕ್ಕೆ 6.3 ಮಿ.ಲೀ. ಹಿಡಿದರೆ: 6.3 × 20 ÷ 22.5 = 5.6 ಮಿ.ಗ್ರಾಂ. ಅಂದರೆ 100 ಮಿ.ಲೀ. ರಸದಲ್ಲಿ 28 ಮಿ.ಗ್ರಾಂ.

ನಮ್ಮಲ್ಲಿ ಅಳತೆ ಕೆಡಿಸುವುದು ಹೆಚ್ಚಾಗಿ ತಾಮ್ರ. ಕಾಫಿ, ಮೆಣಸಿನ ನಡುವೆಯೇ ಕಿತ್ತಳೆ ಇರುವುದರಿಂದ ಬೋರ್ಡೋ ದ್ರಾವಣ (ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಸುಣ್ಣದೊಡನೆ ಬೆರೆಸಿದ್ದು) ಸಿಂಪಡಿಸಿದಾಗ ಮೈಲುತುತ್ತದ ಕಲೆ ಹಣ್ಣಿನ ಸಿಪ್ಪೆಗೂ ಕೂರುತ್ತದೆ. ಹಿಂಡುವಾಗ ಅದು ರಸಕ್ಕೆ ಇಳಿದರೆ ಗಾಳಿಯ ಆಮ್ಲಜನಕ ಜೀವಸತ್ವವನ್ನು ಬೇಗ ತಿನ್ನುತ್ತದೆ. ಹಾಗಾಗಿ ತೊಳೆದು, ಒರೆಸಿ, ಸಿಪ್ಪೆ ಸುಲಿದೇ ಹಿಂಡಬೇಕು. ತಾಮ್ರದ ಬಿಂದಿಗೆಯ ನೀರು ಬೇಡವೇ ಬೇಡ. ಹಿಂಡಿದ ರಸವನ್ನು ಬಿಸಿ ಮಾಡದೆ, ತಡ ಮಾಡದೆ ಅಳೆಯಿರಿ.

ಮನೆಯ ಸ್ಕ್ವಾಷನ್ನು ಈ ಕ್ರಮದಲ್ಲಿ ಅಳೆಯಬೇಡಿ. ಕೆಡದಿರಲೆಂದು ಹಾಕುವ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಕೂಡ ಅಯೋಡಿನ್ ನುಂಗುತ್ತದೆ, ಇಲ್ಲದ ಜೀವಸತ್ವವೂ ಲೆಕ್ಕಕ್ಕೆ ಬರುತ್ತದೆ.